ಸಾಬೂನ ಅಕ್ಕೋರೂ ಬೀರಪ್ಪನ ಭಂಡಾರವೂ

ಬಾಗಲಕೋಟೆಯ ನವನಗರದಿಂದ ಕಲಾದಗಿ ಕಡೆಗೆ ಹೋಗುವ ಬೆಳಗಿನ ಬಸ್ಸನ್ನು ಖುಶನುಮಾ ಹತ್ತಿದಳೆಂದರೆ ಕಂಡಕ್ಟರನಿಗೆ ತಿರುಗಿ ನೋಡುವ ಕೆಲಸವಿಲ್ಲ. ಮೂಗೇ ಹೇಳುತ್ತದೆ. ಆಕೆಯ ಚೀಲದಲ್ಲಿ ಊಟದ ಡಬ್ಬಿ ಇರಲಿ ಬಿಡಲಿ, ಸಾಬೂನು ಇದ್ದೇ ಇರುತ್ತದೆ. "ಸಾಬೂನ ಅಕ್ಕೋರು ಬಂದ್ರು, ಸ್ವಲ್ಪ ಸರದ ಕುಂಡ್ರಿ" ಎಂದು ಆತ ಜಾಗ ಮಾಡಿಸುತ್ತಾನೆ. ಈ ಸೀಮೆಯಲ್ಲಿ ಶಾಲೆಯ ಟೀಚರನ್ನು ಅಕ್ಕೋರು ಎನ್ನುವುದು ರೂಢಿ. ಅದಕ್ಕೆ ಅಂಟಿಕೊಂಡ ಸಾಬೂನು ಆಕೆ ತಾನೇ ಗಳಿಸಿಕೊಂಡ ಬಿರುದು. ಸರಕಾರ ಕೊಟ್ಟದ್ದಲ್ಲ, ಆದ್ದರಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದು ಆಕೆಯೇ ನಗುತ್ತಿದ್ದಳು. ಆದರೆ ಒಂದು ಸೋಮವಾರ ಮಧ್ಯಾಹ್ನ, ಬಿರುದು ಹಾಗಿರಲಿ, ಆ ಊರಿನಲ್ಲಿ ತನಗಿದ್ದ ಜಾಗವೇ ಹೋಯಿತೆಂದು ಆಕೆ ಶಾಲೆಯ ನಳದ ಮುಂದೆ ನಿಂತು ನಡುಗಿದ್ದುಂಟು. ಆ ಕಥೆಯನ್ನೇ ಹೇಳಬೇಕು.

ಖುಶನುಮಾ ಹುಟ್ಟಿದ್ದು ಇಳಕಲ್ಲಿನಲ್ಲಿ, ನೇಕಾರ ಅಮೀನಸಾಬನ ಮನೆಯಲ್ಲಿ. ಮಗ್ಗದ ಮನೆಯ ಮಕ್ಕಳಿಗೆ ಸ್ವಚ್ಛತೆಯ ಪಾಠವನ್ನು ಪುಸ್ತಕ ಹೇಳಬೇಕಿಲ್ಲ, ಸೀರೆಯ ಸೆರಗೇ ಹೇಳುತ್ತದೆ. ರೇಷ್ಮೆ ಸೆರಗಿನ ಮೇಲೆ ಒಂದು ಎಣ್ಣೆಬೆರಳು ಮೂಡಿತೆಂದರೆ ಮನೆಮಂದಿಯ ದುಡಿಮೆ ನೀರಲ್ಲಿ ಹೋಮ. ಹಾಗಾಗಿ ಬಜಿ ತಿಂದು ಬಂದ ಮಗಳು ಮಗ್ಗದ ಸಮೀಪ ಸುಳಿದರೆ ಅಮೀನಸಾಬ ಲಾಳಿ ನಿಲ್ಲಿಸಿ "ಕೈ ತೋರ್ಸು" ಎನ್ನುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆ ಎರಡು ಮಾತು ಕೇಳಿದರೆ ಸಾಕು, ಹುಡುಗಿ ಬಚ್ಚಲಿಗೆ ಓಡುತ್ತಿದ್ದಳು.

ತಾಯಿ ಗುಲಾಬಬಿಯದು ಬೇರೊಂದು ಕಟ್ಟಳೆ. ದರ್ಗಾದಿಂದ ತಂದ ಊದಿ, ಅಂದರೆ ಧೂಪದ ಬೂದಿಯಾಗಲಿ, ಬಾಡಿದ ಹೂವಾಗಲಿ ಕಸದ ಬುಟ್ಟಿಗೆ ಬೀಳಬಾರದು, ಗಟಾರಕ್ಕೆ ಹರಿಯಬಾರದು, ಗಿಡದ ಬುಡ ಸೇರಬೇಕು. "ದೇವ್ರ ವಸ್ತು ಯಾರ ದೇವ್ರದರ ಇರಲಿ, ಕಾಲಿಗೆ ಸಿಗುವಂಗ ಚೆಲ್ಲಬ್ಯಾಡ" ಎನ್ನುತ್ತಿದ್ದಳು ಆಕೆ. ಅಪ್ಪನದೊಂದು, ಅವ್ವನದೊಂದು, ಹೀಗೆ ಎರಡು ಮಾತುಗಳನ್ನು ಖುಶನುಮಾ ತವರಿನಿಂದ ಕಟ್ಟಿಕೊಂಡು ಬಂದಳು. ಎರಡೂ ಒಂದೇ ಮನೆಯಲ್ಲಿ ಬೆಳೆದ ಮಾತುಗಳಾದ್ದರಿಂದ ಆ ಸೋಮವಾರದವರೆಗೂ ಅವುಗಳ ನಡುವೆ ಎಂದೂ ಜಗಳ ಬಂದಿರಲಿಲ್ಲ.

ಮದುವೆಯಾದದ್ದು ನವನಗರದ ಅಯೂಬನನ್ನು. ನೀರೆತ್ತುವ ಮೋಟರುಗಳನ್ನು ಬಿಚ್ಚಿ ತಂತಿ ಸುತ್ತುವುದು ಆತನ ಕಸುಬು. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಮೆತ್ತಗೆ, ಕೈ ಮಾತ್ರ ಸದಾ ಮಸಿ. ಗ್ರೀಸು ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡು ಕೂತುಬಿಟ್ಟಿತ್ತು. ಊಟಕ್ಕೆ ಕೂತಾಗ ಹೆಂಡತಿ ಕಣ್ಣು ಬಿಟ್ಟರೆ ಆತ ಬೆರಳ ತುದಿಗೆ ನೀರು ಮುಟ್ಟಿಸಿ, "ಇದು ಹೊಲಸಲ್ಲ, ಕಸಬಿನ ಬಣ್ಣ" ಎಂದು ರೊಟ್ಟಿ ಮುರಿಯುತ್ತಿದ್ದ. ಊರಿಗೆಲ್ಲ ಸಾಬೂನು ಹಚ್ಚಿದ ಅಕ್ಕೋರಿಗೆ ಗಂಡನ ಕೈಗೆ ಹಚ್ಚುವುದು ಮಾತ್ರ ಆಗಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ಆಕೆ ಮಕ್ಕಳಿಗೆ ಕಲಿಸುವಾಗ ಒಂದು ಕ್ಷಣ ತಡವರಿಸುತ್ತಿದ್ದಳು.

ಆಕೆಗೆ ಕೆಲಸ ಸಿಕ್ಕ ಊರು ಘಟಪ್ರಭಾ ಹೊಳೆಯ ದಂಡೆಗಿದೆ. ಸಣ್ಣ ಊರು; ಕಬ್ಬು, ಗೋವಿನಜೋಳ, ಕುರಿ, ಮತ್ತು ಬೀರಪ್ಪ. ಬೀರಪ್ಪನೆಂದರೆ ಅಲ್ಲಿ ಗುಡಿಯೊಳಗೆ ಕೂತ ದೇವರು ಮಾತ್ರವಲ್ಲ, ಮನೆಯ ಹಿರಿಯ. ಕುರಿ ಈದರೆ ಅವನಿಗೆ ಮೊದಲ ಹಾಲು, ಮಗು ಹುಟ್ಟಿದರೆ ಅವನ ಭಂಡಾರ. ಭಂಡಾರವೆಂದರೆ ದೇವರ ಅರಿಶಿನಪುಡಿ. ಅದನ್ನು ಹಣೆಗೆ ಹಚ್ಚುತ್ತಾರೆ, ಬಾಯಿಗೆ ಹಾಕಿಕೊಳ್ಳುತ್ತಾರೆ, ಪಲ್ಲಕ್ಕಿಯ ಮೇಲೆ ಮುಷ್ಟಿಮುಷ್ಟಿ ಹಾರಿಸುತ್ತಾರೆ. ಗುಡಿಯ ಪೂಜಾರಿ ಗುರಪ್ಪ ಮುದುಕ. ಹೆಗಲ ಮೇಲೆ ಕಂಬಳಿ, ಸೊಂಟಕ್ಕೆ ಭಂಡಾರದ ಚೀಲ. ಆ ಚೀಲದಲ್ಲಿ ಕೈಯಾಡಿಸಿ ಆಡಿಸಿ ಅವನ ಬಲ ಅಂಗೈ ಹುಟ್ಟಿದಾಗಿನಿಂದಲೇ ಹಳದಿಯೇನೋ ಅನ್ನಿಸುವಂತಿತ್ತು. ಶಾಲೆಯ ಕಮಿಟಿಗೂ ಅವನೇ ಅಧ್ಯಕ್ಷ. ಖುಶನುಮಾ ಮೊದಲ ದಿನ ಬಂದಾಗ ಅವಳ ಹೆಸರು ಕೇಳಿ, ಯಾವ ಊರು, ಅಪ್ಪನ ಕಸುಬೇನು ಎಂದು ಕೇಳಿ, "ಇಳಕಲ್ಲನ್ರಿ? ಹಂಗಾರ ನಮ್ಮ ಮನ್ಯಾಕಿ ಲಗ್ನದ ಸೀರಿ ನಿಮ್ಮ ಅಪ್ಪಾನ ನೇದಿದ್ದರೂ ನೇದಿರಬೇಕು" ಎಂದಿದ್ದ. ಅಷ್ಟರಲ್ಲಿ ಪರಿಚಯ ಮುಗಿದು ಬಳಗವಾಗಿತ್ತು.

ಸಾಬೂನಿನ ಹುಚ್ಚು ಹಿಡಿದದ್ದು ಆಮೇಲೆ. ಒಂದು ಮಳೆಗಾಲ ಊರಲ್ಲಿ ವಾಂತಿಭೇದಿ ಹಬ್ಬಿತು. ಶಾಲೆಯ ಅರ್ಧ ಮಕ್ಕಳು ಮಲಗಿದವು. ಗುರಪ್ಪನ ಮೊಮ್ಮಗಳು ರಾಜಶ್ರೀ ಆಗಿನ್ನೂ ಒಂದನೆಯ ತರಗತಿ. ಅವಳನ್ನು ಕಲಾದಗಿಯ ದವಾಖಾನೆಗೆ ಒಯ್ದು ಸಲೈನು ಏರಿಸಿದರು. ಖುಶನುಮಾ ನೋಡಲು ಹೋದಾಗ ಹುಡುಗಿಯ ಕಣ್ಣು ಒಳಗೆ ಇಳಿದಿದ್ದವು, ತುಟಿ ಒಣಗಿ ಬಿರಿದಿತ್ತು. ಕೈ ಮಾತ್ರ ಹಾಸಿಗೆಯ ಮೇಲೆ ಅಂಗಾತ ಬಿದ್ದಿತ್ತು; ಉಗುರಿನಲ್ಲಿ ಕರೀ ಮಣ್ಣು. ಆ ಉಗುರನ್ನು ಕಂಡು ಅಕ್ಕೋರಿಗೆ ತನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಲ್ಲಿಯೇ ಅತ್ತುಬಿಟ್ಟಳು. ಅಪ್ಪ ಒಂದು ಸೆರಗಿನ ಸಲುವಾಗಿ ದಿನಾ ಕೈ ನೋಡುತ್ತಿದ್ದ. ತಾನು ಇಷ್ಟು ಮಕ್ಕಳಿಗೆ ಅಕ್ಷರ ತಿದ್ದಿಸಿದ್ದೇ ತಿದ್ದಿಸಿದ್ದು, ಒಂದು ದಿನವಾದರೂ "ಕೈ ತೋರ್ಸು" ಎಂದಿರಲಿಲ್ಲ.

ರಾಜಶ್ರೀ ಬದುಕಿದಳು, ಎಲ್ಲ ಮಕ್ಕಳೂ ಬದುಕಿದವು. ಬದುಕಿ ಶಾಲೆಗೆ ಬಂದರೆ ಬಾಗಿಲಲ್ಲಿ ಅಕ್ಕೋರು ಕಾಳಿಯಂತೆ ನಿಂತಿದ್ದಳು. ಬೆಳ್ಳುಳ್ಳಿ ತುಂಬಿ ಬರುವ ಬಲೆಯ ಚೀಲಗಳಲ್ಲಿ ಸಾಬೂನಿನ ತುಂಡು ಹಾಕಿ ಪ್ರತಿ ನಳಕ್ಕೂ ಒಂದೊಂದು ಕಟ್ಟಿದಳು; ಕೆಳಗೆ ಬೀಳುವಂತಿಲ್ಲ, ಕಿಸೆಗೆ ಸೇರುವಂತಿಲ್ಲ. ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆಟ್ಟು, ಉಗುರು. ಇಷ್ಟೂ ಆಗದೆ ತಟ್ಟೆ ಮುಟ್ಟಿದರೆ ತಟ್ಟೆ ಕಸಿದುಕೊಳ್ಳುತ್ತಿದ್ದಳು. ಮೊದಮೊದಲು ಹುಡುಗರು ಬಗ್ಗಲಿಲ್ಲ. ಆಗ ಆಕೆ ಒಂದು ಸುಳ್ಳೂ ಹೇಳಿದಳು. "ಸಾಬೂನ ಹಚ್ಚದ ಕೈಲೆ ಉಂಡ್ರ, ಆ ಅನ್ನ ಹೊಟ್ಟ್ಯಾಗ ಹೋಗಿ ಹುಳಾ ಆಗಿ ಓಡ್ಯಾಡತೈತಿ" ಎಂದಳು. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಆ ಮಾತು ನಾಟಿತು ನೋಡಿ, ಮಕ್ಕಳು ಮನೆಯಲ್ಲೂ ಸಾಬೂನು ಬೇಡತೊಡಗಿದವು. ಸಾಬೂನು ಕರಗುವುದನ್ನು ಕಂಡು ತಾಯಂದಿರು ಗೊಣಗಿದರು. ಗೊಣಗಿದರೂ ಬಚ್ಚಲಲ್ಲಿ ಒಂದು ತುಂಡು ಇಟ್ಟರು.

ಈಗ ಆ ಸೋಮವಾರ. ಬೀರಪ್ಪನ ಪಲ್ಲಕ್ಕಿ ಹೊಳೆಗೆ ಹೋಗಿ ಬರುವುದು ಬೇರೆ ವರ್ಷಗಳಲ್ಲಿ ದಸರಾ ರಜೆಯಲ್ಲೇ ಆಗುತ್ತಿತ್ತು. ಆ ವರ್ಷ ಹೊಳೆ ತುಂಬಿ ಹರಿದದ್ದರಿಂದ ಹಿರಿಯರು ದಿನ ಮುಂದೆ ಹಾಕಿದ್ದರು. ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಡೊಳ್ಳಿನ ಸದ್ದು ಕೇಳಿತು. ಹೆಡ್ ಮಾಸ್ತರರು ಬಾಗಲಕೋಟೆಗೆ ಮೀಟಿಂಗಿಗೆ ಹೋಗಿದ್ದರು. ಮಕ್ಕಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಖುಶನುಮಾ ಗೇಟು ತೆಗೆದು "ಹೋಗ್ರಿ, ಆದ್ರ ಸಾಲಾಗಿ" ಎಂದಳು. ಪಲ್ಲಕ್ಕಿ ಶಾಲೆಯ ಮುಂದೆಯೇ ಹಾಯ್ದಿತು. ಗುರಪ್ಪ ಚೀಲಕ್ಕೆ ಕೈ ಹಾಕಿ ಹಾಕಿ ಭಂಡಾರ ಎರಚಿದ. ಮಕ್ಕಳು ಅದನ್ನು ನೆಲಕ್ಕೆ ಬೀಳದಂತೆ ಅಂಗೈಯಲ್ಲಿ ಹಿಡಿದು, ಹಣೆಗೆ ಹಚ್ಚಿ, ಮೊಣಕೈವರೆಗೆ ಬಳಿದುಕೊಂಡು ಹಳದಿ ಹಳದಿಯಾಗಿ ತಿರುಗಿ ಬಂದವು. ಅಕ್ಕೋರ ಸೀರೆಯ ಮೇಲೂ ಒಂದು ಹಿಡಿ ಬಿದ್ದಿತ್ತು. ಆಕೆ ಅದನ್ನು ಝಾಡಿಸಲಿಲ್ಲ, ಹಾಗೇ ಬಿಟ್ಟಳು.

ಮಧ್ಯಾಹ್ನ ಊಟದ ಗಂಟೆ ಬಾರಿಸಿತು. ಅಡುಗೆಯ ರಂಗವ್ವ ಅನ್ನ ಸಾರಿನ ಪಾತ್ರೆ ಹೊರಗೆ ತಂದಿಟ್ಟಳು. ಮಕ್ಕಳು ದಿನದಂತೆ ನಳಕ್ಕೆ ಸಾಲು ನಿಂತು, ಬಲೆಯ ಚೀಲ ಹಿಡಿದು ತಿಕ್ಕತೊಡಗಿದವು. ತಿಕ್ಕಿದಂತೆ ಕೈ ಕೆಂಪಾಯಿತು. ಹಳದಿ ನೊರೆಯಲ್ಲ, ಕೆಂಪು ನೊರೆ. ಮುಂದೆ ನಿಂತಿದ್ದ ರಾಜಶ್ರೀ ತನ್ನ ಅಂಗೈಯನ್ನು ನೋಡಿದಳು, ಪಕ್ಕದವರ ಅಂಗೈ ನೋಡಿದಳು. ಮೆಲ್ಲಗೆ, ಹಾಜರಿ ಹೇಳುವ ದನಿಯಲ್ಲಿ, "ಅಕ್ಕೋರ, ರಕ್ತ ಬರಾಕತ್ತೈತ್ರಿ" ಎಂದಳು.

ಅರಿಶಿನಕ್ಕೆ ಸಾಬೂನು ಬಿದ್ದರೆ ಕೆಂಪಾಗುತ್ತದೆ ಎಂದು ಅಕ್ಕೋರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಯಾವುದೋ ಹುಡುಗ "ಭಂಡಾರ ತೊಳದಿದ್ದಕ್ಕ ದೇವ್ರು ಸಿಟ್ಟಾಗ್ಯಾನ" ಎಂದ. ಅಷ್ಟೇ. ಗುಬ್ಬಿಯ ಹಿಂಡಿಗೆ ಕಲ್ಲು ಬಿದ್ದಂತಾಯಿತು. ಕೆಂಪು ಕೈಗಳನ್ನು ಮುಂದೆ ಚಾಚಿಕೊಂಡು ಅಷ್ಟೂ ಮಕ್ಕಳು ಗೇಟು ದಾಟಿ ಮನೆ ಕಡೆ ಓಡಿದವು. ನಳ ಹರಿಯುತ್ತಲೇ ಇತ್ತು.

ರಂಗವ್ವ ಸೌಟು ಹಿಡಿದು ನಿಂತು ನಕ್ಕಳು. "ಹುಚ್ಚ ಖೋಡಿಗಳು. ಅರಿಷಿಣದ ಬಟ್ಟಿ ಒಗದ್ರ ನೀರ ಕೆಂಪಾಗೂದಿಲ್ಲೇನು? ಅವರವ್ವಗೋಳ ಹೇಳ್ತಾರ ಬಿಡ್ರಿ."

ಖುಶನುಮಾ ನಗಲಿಲ್ಲ. ಆಕೆ ನೋಡುತ್ತಿದ್ದದ್ದು ಕೈಗಳನ್ನಲ್ಲ, ನೆಲವನ್ನು. ನಳದ ಕಟ್ಟೆಯಿಂದ ಇಳಿದ ನೀರು ಕೆಂಪಗೆ, ನಡುನಡುವೆ ಹಳದಿಯಾಗಿ ಗಟಾರಕ್ಕೆ ಹರಿದು ಹೋಗುತ್ತಿತ್ತು. "ಕೆಂಪಿಂದಲ್ಲ ರಂಗವ್ವ" ಎಂದಳು. "ಅಲ್ಲಿ ನೋಡು. ದೇವ್ರ ಭಂಡಾರ ಗಟಾರಕ್ಕ ಹೊಂಟೈತಿ. ನಾನ ನಿಂತು ತೊಳಿಸೇನಿ."

ರಂಗವ್ವ ನೋಡಿದಳು. ಅವಳ ನಗೆ ನಿಂತಿತು. ಆಮೇಲೆ ಏನೂ ಹೇಳದೆ ನಳ ಬಂದ್ ಮಾಡಿದಳು. ಏನಾದರೂ ಹೇಳಿದ್ದರೆ ಖುಶನುಮಾಗೆ ಇಷ್ಟು ಭಯವಾಗುತ್ತಿರಲಿಲ್ಲ.

ಭಯವನ್ನು ಬಿಡಿಸಿ ಹೇಳಬೇಕೆಂದರೆ ಹೀಗೆ. ಊರಿನ ದೇವರ ಭಂಡಾರವನ್ನು ಮಕ್ಕಳ ಕೈಯಿಂದ ತೊಳೆಸಿ ಗಟಾರಕ್ಕೆ ಬಿಟ್ಟವಳು ಒಬ್ಬ ರಂಗವ್ವನೋ ಗೌರವ್ವನೋ ಆಗಿದ್ದರೆ ಮುದುಕರು ಬೈದು ಸುಮ್ಮನಾಗುತ್ತಿದ್ದರು. ತೊಳೆಸಿದವಳ ಹೆಸರು ಖುಶನುಮಾ. ಈಗಿನ ಕಾಲದಲ್ಲಿ ಸುದ್ದಿಗೆ ಕಾಲು ಬೇಕಿಲ್ಲ, ಮೊಬೈಲು ಸಾಕು. ಈ ಊರಿನವರು ಒಳ್ಳೆಯವರು, ಸರಿ. ಆದರೆ ಸುದ್ದಿ ಈ ಊರಲ್ಲೇ ಕೂರುತ್ತದೆಯೇ? ಅದಕ್ಕಿಂತ ಹೆಚ್ಚಾಗಿ ಆಕೆಯನ್ನು ಚುಚ್ಚಿದ್ದು ಬೇರೆ. ತವರಿನಿಂದ ತಂದ ಎರಡು ಮಾತಿನಲ್ಲಿ ಅಪ್ಪನದನ್ನು ಹಿಡಿಯಲು ಹೋಗಿ ಅವ್ವನದನ್ನು ಕೈಬಿಟ್ಟಿದ್ದಳು. ದರ್ಗಾದ ಊದಿಯಾಗಿದ್ದರೆ ಹೀಗೆ ಬಿಡುತ್ತಿದ್ದಳೇ? ಇಲ್ಲ. ಹಾಗಿದ್ದ ಮೇಲೆ ಇದು ಹೇಗೆ ಮರೆತುಹೋಯಿತು?

ಅಯೂಬನಿಗೆ ಫೋನು ಮಾಡಿದಳು. ಹಿಂದೆ ಮೋಟರಿನ ಗರ್ ಸದ್ದು. ಆತ ಎಲ್ಲ ಕೇಳಿಸಿಕೊಂಡು, ಸದ್ದು ನಿಲ್ಲಿಸಿ, "ನೀ ಅಲ್ಲಿ ನಿಂದರಬ್ಯಾಡ. ನಾ ಗಾಡಿ ತಗೊಂಡು ಬರ್ತೇನಿ. ಎರಡು ದಿನಾ ರಜಾ ಹಾಕು, ತಣ್ಣಗಾಗಲಿ" ಎಂದ.

"ಅನ್ನ ಮಾಡಿಟ್ಟಾರ. ಹುಡುಗ್ರು ಉಂಡಿಲ್ಲ. ಹೆಂಗ ಬರ್ಲಿ?"

"ಉಣ್ಣಾಕ ಅವ್ರ ಮನಿ ಇಲ್ಲೇನು? ನಾ ಹೊಂಟೆ" ಎಂದು ಫೋನು ಇಟ್ಟ. ಮೆತ್ತಗಿನ ಮನುಷ್ಯ ಹೀಗೆ ಅವಸರ ಮಾಡಿದ್ದು ಕೇಳಿ ಆಕೆಯ ಭಯ ಇನ್ನಷ್ಟು ಬಲಿಯಿತು.

ಆಕೆ ಕಟ್ಟೆಯ ಮೇಲೆ ಕೂತಳು. ಪಾತ್ರೆಯಲ್ಲಿ ಅನ್ನ ಆರುತ್ತಿತ್ತು. ನಳಕ್ಕೆ ಕಟ್ಟಿದ ಬಲೆಯ ಚೀಲಗಳನ್ನು ಬಿಚ್ಚಿಬಿಡಲೇ ಎನ್ನಿಸಿತು. ಒಂದನ್ನು ಬಿಚ್ಚಿಯೂ ಬಿಟ್ಟಳು. ಆಮೇಲೆ ರಾಜಶ್ರೀಯ ದವಾಖಾನೆಯ ಕೈ ನೆನಪಾಗಿ ಅದನ್ನು ಮತ್ತೆ ಅಲ್ಲೇ ಕಟ್ಟಿದಳು. ಮಕ್ಕಳು ಇನ್ನು ಸಾಬೂನು ಮುಟ್ಟಲಿಕ್ಕಿಲ್ಲ. ರಕ್ತ ತೆಗೆಯುವ ಸಾಬೂನನ್ನು ಯಾರು ಮುಟ್ಟುತ್ತಾರೆ? ಮುಂದಿನ ಮಳೆಗಾಲ ಮತ್ತೆ ಯಾವ ಮಗು ಮಲಗುತ್ತದೋ ಎಂದುಕೊಂಡಾಗ ತನ್ನ ಭಯ ಒಂದಿಷ್ಟು ಹಿಂದೆ ಸರಿದು, ಆ ಜಾಗದಲ್ಲಿ ದುಃಖ ಬಂದು ಕೂತಿತು.

ಅಷ್ಟರಲ್ಲಿ ರಂಗವ್ವ, "ಅಕ್ಕೋರ, ಬರಾಕತ್ತಾರ ನೋಡ್ರಿ" ಎಂದಳು.

ಓಣಿಯ ತುದಿಯಿಂದ ಜನ ಬರುತ್ತಿದ್ದರು. ಮುಂದೆ ಗುರಪ್ಪ, ಹೆಗಲ ಮೇಲೆ ಕಂಬಳಿ. ಹಿಂದೆ ಹಳದಿ ಹಣೆಯ ಗಂಡಸರು, ಅವರ ಹಿಂದೆ ಹೆಂಗಸರು, ಹೆಂಗಸರ ಸೆರಗು ಹಿಡಿದ ಮಕ್ಕಳು. ಖುಶನುಮಾ ಎದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಆಕೆ ಹೋಗಿ ಗೇಟಿನ ಎರಡೂ ಬಾಗಿಲು ಪೂರ್ತಿ ತೆರೆದಳು. ಅದು ಧೈರ್ಯವೇನಲ್ಲ, ಅರ್ಧ ತೆರೆದ ಗೇಟಿನ ಹಿಂದೆ ನಿಂತು ತಪ್ಪು ಒಪ್ಪಿಕೊಳ್ಳುವುದು ಆಕೆಗೆ ಸರಿ ಕಾಣಲಿಲ್ಲ.

"ಅಜ್ಜಾರ, ತಪ್ಪಾತ್ರಿ" ಎಂದಳು ಗುರಪ್ಪ ಹತ್ತಿರ ಬರುವ ಮುಂಚೆಯೇ.

ಗುರಪ್ಪ ಕೈ ಎತ್ತಿದ. "ತಪ್ಪ ಒಪ್ಪ ಆಮ್ಯಾಲ ಮಾತಾಡೂನ್ರಿ. ಮದಲ ಈ ಹುಡುಗ್ರಿಗೆ ಉಣ್ಣಾಕ ಹೇಳ್ರಿ."

ಆಕೆಗೆ ತಿಳಿಯಲಿಲ್ಲ. ಗುಂಪಿನಿಂದ ಒಬ್ಬ ತಾಯಿ ಸಿಟ್ಟಿನಿಂದ ಮುಂದೆ ಬಂದಳು. ಸಿಟ್ಟು ಮಗನ ಮೇಲೆ, ರಟ್ಟೆ ಹಿಡಿದು ಎಳೆದುಕೊಂಡೇ ಬಂದಿದ್ದಳು. "ಏನ ಕಲಿಸೀರವ್ವಾ ಇವಕ್ಕ? ಇವತ್ತ ದೇವ್ರ ದಿವಸ, ಹೋಳಗಿ ಮಾಡೇವಿ. ತಾಟ ಮುಂದ ಇಟ್ರ ಮುಟ್ಟವಲ್ಲ. ಕೈ ತೊಳಿ ಅಂದ್ರ, ಸಾಬೂನ ರಕ್ತ ತಗೀತೈತಿ ಅಂತಾನ. ಹಂಗಾರ ಹಂಗ ಉಣ್ಣು ಅಂದ್ರ, ಸಾಬೂನ ಇಲ್ಲದ ಉಂಡ್ರ ಹೊಟ್ಟ್ಯಾಗ ಹುಳಾ ಆಕ್ಕಾವು ಅಂತಾನ. ಹೋಳಗಿ ಮುಂದ ಕುಂತು ಅಳಾಕತ್ತಾನ."

"ನಮ್ಮ ಮನ್ಯಾಗೂ ಇದ ಹಾಡು" ಎಂದಳು ಇನ್ನೊಬ್ಬಳು. "ಅರಿಷಿಣಕ್ಕ ಹಂಗ ಆಕ್ಕೈತೋ ಅಂತ ನಾ ಬಡಕೊಂಡೆ. ಅಕ್ಕೋರ ಹೇಳಬೇಕಂತ. ನಾವು ಹೆತ್ತವರು ಹೇಳಿದ್ರ ಖರೆ ಅಲ್ಲಂತ."

ಊರಿನ ಅಷ್ಟೂ ಮನೆಗಳಲ್ಲಿ ಮಕ್ಕಳು ಹೋಳಿಗೆಯ ಮುಂದೆ ಕೂತಿದ್ದವು; ಕೆಂಪು ಕೈ ಹಿಂದೆ ಕಟ್ಟಿಕೊಂಡು, ಬಾಯಲ್ಲಿ ನೀರು, ಕಣ್ಣಲ್ಲಿ ನೀರು. ಈ ಕಡೆ ರಕ್ತ, ಆ ಕಡೆ ಹುಳ. ಇಷ್ಟು ದಿನ ಬಡಿದುಕೊಂಡದ್ದು ಇಷ್ಟು ಆಳಕ್ಕೆ ಇಳಿದಿದೆಯೆಂದು ಅಕ್ಕೋರಿಗೆ ಆವತ್ತೇ ತಿಳಿದದ್ದು. ಎದೆಯ ಮೇಲಿನ ಕಲ್ಲು ಒಮ್ಮೆಲೇ ಇಳಿದು, ಆಕೆಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಎರಡನ್ನೂ ತಡೆದು ಗುರಪ್ಪನ ಮುಂದೆ ನಿಂತು, ಹೇಳಬೇಕಾದ್ದನ್ನು ಹೇಳಿದಳು.

"ಅಜ್ಜಾರ, ಹುಡುಗ್ರಿಗೆ ನಾ ಹೇಳ್ತೇನ್ರಿ. ಆದ್ರ ನನ್ನ ತಪ್ಪು ಬ್ಯಾರೆ ಐತಿ. ನಿಮ್ಮ ಕೈಲೆ ಕೊಟ್ಟ ಭಂಡಾರ ಗಟಾರಕ್ಕ ಹರದು ಹೋತು. ನಮ್ಮ ಮನ್ಯಾಗ ಊದಿ ಸೈತ ಹಂಗ ಬಿಡೂದಿಲ್ಲ. ಖಬರ ಇಲ್ಲದ ಮಾಡಿದೆ."

ಗುರಪ್ಪ ಗಟಾರದ ಕಡೆ ನೋಡಿದ. ಕೆಂಪು ಹೋಗಿ, ಕಲ್ಲಿನ ಅಂಚಿಗೆ ತುಸು ಹಳದಿ ಮಾತ್ರ ಉಳಿದಿತ್ತು. ಅವನು ಮಾತಿಗೆ ಅವಸರ ಮಾಡುವ ಮನುಷ್ಯನಲ್ಲ.

"ಇವತ್ತ ಮುಂಜಾನೆ ಬೀರಪ್ಪನ್ನ ಹೊಳಿಗೆ ಯಾಕ ಒಯ್ದಿದ್ವಿ?" ಎಂದ ಕೊನೆಗೆ, ಎಲ್ಲರಿಗೂ ಕೇಳುವಂತೆ. "ಮೈ ತೊಳ್ಯಾಕ. ಅವನ ಮೈಮ್ಯಾಲಿನ ಭಂಡಾರ ಹೊಳ್ಯಾಗ ಹರದು ಹೋತು. ಅದು ಎಲ್ಲಿ ಮುಟ್ಟತೈತಿ ಅಂತ ನಾ ಕೇಳೇನೇನು? ದೇವ್ರನ್ನ ತೊಳೀತೇವಿ, ಹುಡುಗ್ರನ್ನ ತೊಳೀಬಾರದೇನ್ರಿ?"

ಹಿಂದೆ ನಿಂತಿದ್ದ ಒಬ್ಬ ತರುಣ ಮೊಬೈಲು ಎತ್ತಿ ಹಿಡಿದಿದ್ದ. ಗುರಪ್ಪ ತಿರುಗಿ ನೋಡಿದ್ದಕ್ಕೆ ಅದನ್ನು ಕಿಸೆಗೆ ಹಾಕಿಕೊಂಡ.

"ಗಟಾರದ ಮಾತು ಖರೆ" ಎಂದು ಗುರಪ್ಪ ಮುಂದುವರಿಸಿದ. "ನೀವು ಹೇಳಿದ್ದು ಸರಿ ಐತಿ. ಇನ್ನ ಮ್ಯಾಲ ದೇವ್ರ ದಿವಸ ಮದಲ ಬರೇ ನೀರಿಲೆ ಬಕೀಟಿನ್ಯಾಗ ಕೈ ಅದ್ದಲಿ. ಆ ನೀರು ಆ ಬೇವಿನ ಗಿಡಕ್ಕ ಹಾಕ್ರಿ. ಆಮ್ಯಾಲ ನಿಮ್ಮ ಸಾಬೂನ. ಆತಿಲ್ಲೋ?"

"ಆತ್ರಿ" ಎಂದಳು ಖುಶನುಮಾ. ಅವ್ವ ಗುಲಾಬಬಿ ಅಲ್ಲೇ ಎಲ್ಲೋ ನಿಂತು ತಲೆಯಾಡಿಸಿದಂತೆ ಆಕೆಗೆ ಅನ್ನಿಸಿತು.

ಹಿರಿಯರ ನ್ಯಾಯ ಮುಗಿಯಿತು, ಮಕ್ಕಳದು ಉಳಿಯಿತು. ಅವು ತಾಯಂದಿರ ಸೆರಗು ಬಿಟ್ಟಿರಲಿಲ್ಲ. ಖುಶನುಮಾ ಅರಿಶಿನದ ಗುಣ ಹೇಳಿದಳು, ಸಾಬೂನಿನ ಗುಣ ಹೇಳಿದಳು; ಮಕ್ಕಳು ತಲೆಯಾಡಿಸಿದವು, ಕಾಲು ಕೀಳಲಿಲ್ಲ. ಆಕೆ ರಂಗವ್ವನ ಕಡೆ ತಿರುಗಿ, ತನ್ನ ಕೈಗೆ ಹಚ್ಚಿ ತೋರಿಸಲು ಅಡುಗೆಯ ಅರಿಶಿನ ತಾ ಎಂದಳು. ಗುರಪ್ಪ ತಡೆದ. "ಅದ್ಯಾಕ? ನನ್ನ ಕೈ ಐತೆಲ್ಲ" ಎಂದು ಕಂಬಳಿ ಹಿಂದಕ್ಕೆ ಸರಿಸಿ, ತನ್ನ ಜನ್ಮದ ಹಳದಿ ಕೈಯನ್ನು ಮೊದಲು ರಂಗವ್ವ ತಂದಿಟ್ಟ ಬಕೀಟಿನಲ್ಲಿ ಅದ್ದಿ, ಆಮೇಲೆ ನಳದ ಕೆಳಗೆ ಹಿಡಿದ. ಬಲೆಯ ಚೀಲ ತಿಕ್ಕಿದ. ಪೂಜಾರಿಯ ಕೈ ಎಲ್ಲರೆದುರು ಕೆಂಪಾಯಿತು.

ರಾಜಶ್ರೀ ಅಜ್ಜನ ಮುಖ ನೋಡಿದಳು.

"ಮುತ್ಯಾ, ನೋವು ಆಗತೈತೇನು?"

"ನೋವು ಎಲ್ಲಿಂದ ಬರ್ಬೇಕು? ತಣ್ಣಗ ಐತಿ" ಎಂದು ಗುರಪ್ಪ ಕೈ ತೊಳೆದುಕೊಂಡು, ಝಾಡಿಸಿ, ಮುಂದೆ ಹಿಡಿದ. ನೀರು ಬಿದ್ದ ಕಡೆ ಕೆಂಪು ಹೋಗಿ ಹಳದಿ ಮತ್ತೆ ಮೂಡಿತ್ತು. ಅವನು ತಾನೇ ಬೆರಗಾಗಿ ಅಂಗೈಯನ್ನು ಹೊರಳಿಸಿ ನೋಡಿಕೊಂಡ. "ಭಂಡಾರ ಎಲ್ಲಿ ಹೋಗೇತಿ? ಇಲ್ಲೇ ಐತಿ ನೋಡ್ರಿ."

"ಪೂರಾ ಆಗಿಲ್ಲ ಮುತ್ಯಾ" ಎಂದಳು ರಾಜಶ್ರೀ. ಹೆದರಿಕೆ ಎಲ್ಲಿ ಹೋಯಿತೋ, ಅಕ್ಕೋರ ದನಿಯೇ ಅವಳ ಬಾಯಿಂದ ಬಂತು. "ಹೆಬ್ಬಟ್ಟ ನೋಡು, ಇನ್ನಾ ಕೆಂಪ ಐತಿ. ಸಂದ್ಯಾಗ ಸಾಬೂನ ಉಳದೈತಿ. ಇನ್ನೊಮ್ಮಿ ತೊಳಿ."

ಊರಿನ ಹಿರಿಯ, ಬೀರಪ್ಪನ ಪೂಜಾರಿ, ಕಮಿಟಿಯ ಅಧ್ಯಕ್ಷ, ಮೊಮ್ಮಗಳ ಮಾತು ಮೀರದೆ ಮತ್ತೆ ನಳದ ಕೆಳಗೆ ಕೈ ಹಿಡಿದ. ಮಕ್ಕಳು ನಕ್ಕವು. ನಕ್ಕ ಮೇಲೆ ಸೆರಗು ಬಿಟ್ಟವು. ಬಕೀಟಿಗೆ ಕೈ ಅದ್ದಿ, ಬೇವಿನ ಗಿಡ ಸುತ್ತಿ, ನಳಕ್ಕೆ ನುಗ್ಗಿದವು. ಯಾರ ಬೆರಳಲ್ಲಿ ಕೆಂಪು ಉಳಿದಿದೆ ಎಂದು ಒಬ್ಬರ ಕೈ ಒಬ್ಬರು ಹಿಡಿದು ನೋಡತೊಡಗಿದವು. ಉಳಿದರೆ ಇನ್ನೊಮ್ಮೆ. ಹಳದಿ ಬಂದರೆ ಪಾಸು. ಇಷ್ಟು ದಿನ "ಪೂರಾ ತೊಳಿ, ಪೂರಾ ತೊಳಿ" ಎಂದು ಗಂಟಲು ಹರಿದುಕೊಂಡ ಅಕ್ಕೋರಿಗೆ, ಪೂರಾ ಎಂದರೆ ಏನೆಂದು ಕಣ್ಣಿಗೆ ತೋರಿಸುವ ಸಾಧನ ಸಿಕ್ಕಿತ್ತು. ಈಗಲೂ ಆ ಶಾಲೆಯಲ್ಲಿ ಹೊಸ ಮಕ್ಕಳು ಬಂದರೆ ರಂಗವ್ವನ ಡಬ್ಬಿಯಿಂದ ಚಿಟಿಕೆ ಅರಿಶಿನ ಅವರ ಅಂಗೈಗೆ ಬೀಳುತ್ತದೆ.

ಮನೆಗಳಿಂದ ಹೋಳಿಗೆ ಬಂದವು. ಆರಿದ ಅನ್ನಕ್ಕೆ ರಂಗವ್ವ ಬಿಸಿ ಸಾರು ಸುರಿದಳು. ಗುರಪ್ಪ ಮಕ್ಕಳ ಸಾಲಿನಲ್ಲೇ ಕೂತ. ಖುಶನುಮಾ ತಾನೂ ಸೀರೆಯ ಮೇಲಿನ ಭಂಡಾರವನ್ನು ಅಂಗೈಗೆ ಹಚ್ಚಿಕೊಂಡು, ಬಕೀಟಿನಲ್ಲಿ ಅದ್ದಿ, ಹಳದಿ ಬರುವವರೆಗೆ ತೊಳೆದು, ತಟ್ಟೆ ಹಿಡಿದು ಕೂತಳು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು. ಹೋಳಿಗೆ ಇಷ್ಟು ರುಚಿಯಾಗಿರುತ್ತದೆಂದು ಆಕೆಗೆ ಅದುವರೆಗೆ ಗೊತ್ತಿರಲಿಲ್ಲ.

ಎರಡನೆಯ ಹೋಳಿಗೆ ಮುರಿಯುವಾಗ ಗೇಟಿನ ಹೊರಗೆ ಮೋಟರ್ ಸೈಕಲ್ಲು ಬಂದು ನಿಂತಿತು. ಅಯೂಬ. ಅಂಗಡಿಯಿಂದ ಎದ್ದವನು ಹಾಗೇ ಬಂದಿದ್ದ. ಅಂಗಿಯ ಮೇಲೆ ಮಸಿ, ಮುಖದಲ್ಲಿ ರಕ್ತವಿಲ್ಲ. ಗೇಟಿನಲ್ಲಿ ಅಷ್ಟು ಜನರನ್ನು ಕಂಡು, ಹಳದಿ ಹಣೆಗಳನ್ನು ಕಂಡು, ನಡುವೆ ಹೆಂಡತಿಯನ್ನು ಹುಡುಕುತ್ತ ಒಳಗೆ ಓಡಿಬಂದ. ರಾಜಶ್ರೀ ತಟ್ಟೆ ಕೆಳಗಿಟ್ಟು ಎದ್ದು ಅವನಿಗೆ ಅಡ್ಡ ನಿಂತಳು. ಅಯೂಬ ಗಕ್ಕನೆ ನಿಂತ.

"ಕಾಕಾರ" ಎಂದಳು ರಾಜಶ್ರೀ, "ಕೈ ತೋರಸ್ರಿ."

ಅಯೂಬ ಹೆಂಡತಿಯನ್ನು ನೋಡಿದ. ಆಕೆ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, ಕಣ್ಣು ತುಂಬ ನೀರು ತುಂಬಿಕೊಂಡು ನಗುತ್ತಿದ್ದಳು. ಅವನು ಒಂದು ಉಸಿರು ಬಿಟ್ಟು, ತನ್ನ ಎರಡೂ ಕರೀ ಕೈಗಳನ್ನು ಆ ಹುಡುಗಿಯ ಮುಂದೆ ಚಾಚಿದ. ರಾಜಶ್ರೀ ನೋಡಿದಳು, ತಲೆಯಾಡಿಸಿದಳು, ನಳದ ಕಡೆ ಬೆರಳು ತೋರಿಸಿದಳು. ಅವನು ಹೋಗಿ ತೊಳೆದುಕೊಂಡ.